ಹೊರಗೇ ನಿಂತ ಸಕ್ಕರೆ

ಸೂಜಿ ಬೇಡ ಎಂದು ಹೇಳಿದ್ದು ತಾನೇ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ದನಿಯಲ್ಲಿ ಹೇಳಿದೆ ಎಂಬುದು ಬಸ್ಸು ಬ್ಯಾಡಗಿ ಬಿಟ್ಟು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಗೆ ಬೀಳುವವರೆಗೂ ಮುಸ್ತಾಕನಿಗೆ ನೆನಪಾಗಲಿಲ್ಲ. ನೆನಪಾದಾಗ ಕಿವಿ ಬೆಚ್ಚಗಾಯಿತು. ಅದು ಕ್ಲಾಸಿನ ದನಿ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ಹೇಳಿ ಅವನಿಗೆ ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ಒಂದೇ ದನಿ ರೂಢಿಯಾಗಿತ್ತು. ಯಾವುದು ಯಾವುದೆಂದು ಕೇಳುವವರಿಗೆ ತಿಳಿಯುವಂತಿರಲಿಲ್ಲ, ಇತ್ತೀಚೆಗೆ ಹೇಳುವವನಿಗೂ. ನಸುಕಿನಲ್ಲಿ, ರಂಜಾನಿನ ರೋಜಾ ಹಿಡಿಯುವ ಮುಂಚಿನ ಊಟಕ್ಕೆ ಮನೆಯವರೆಲ್ಲ ಎದ್ದಿದ್ದಾಗ, ಹೆಂಡತಿ ಬೇನಜೀರ ಫ್ರಿಜ್ಜಿನ ಬಾಗಿಲು ತೆರೆದು ಹಿಡಿದುಕೊಂಡೇ "ಸೂಜಿ?" ಎಂದಿದ್ದಳು. ಬೆಳಕು ಅವಳ ಅರ್ಧ ಮುಖದ ಮೇಲಿತ್ತು. "ಇಡೀ ದಿನ ಹೊಟ್ಟಿಗೇನೂ ಹೋಗೂದಿಲ್ಲ ಅಂದಮ್ಯಾಲೆ ಸೂಜಿ ಯಾತಕ್ಕ? ಹಾಕಿದ್ರ ಸಕ್ರಿ ಇಳದು ಬೀಳತಾಳ. ಹೊಸರಿತ್ತ್ಯಾಗ ಆಗಿದ್ದು ಮರತೇನು?" ಎಂದಿದ್ದ ಇವನು. "ಹಂಗಂತ ಪೂರಾ ಬಿಡೂದೇನ್ರಿ? ನಿನ್ನಿ ರಾತ್ರೀನೂ ನೀವು ಹೇಳಿದ್ರಿ ಅಂತ ಅರ್ಧಾನ ಹಾಕೇನಿ." "ನಾ ಹೇಳಾಕತ್ತೇನಲ್ಲ." ಅಷ್ಟೇ. ಬೇನಜೀರ ಫ್ರಿಜ್ಜು ಮುಚ್ಚಿದಳು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಸಂಜೆ ಮಗಳಿಗೆ ಇನ್ಸುಲಿನ್ ಚುಚ್ಚುತ್ತಿರುವವಳು ಅವಳು. ಇವನು ಸೂಜಿ ಕಂಡರೆ ಗೋಡೆಯ ಕಡೆ ಮುಖ ತಿರುಗಿಸುವವನು. ಆದರೂ ಮಾತು ಇವನದೇ ನಡೆಯಿತು, ಏಕೆಂದರೆ ಓದಿದವನು ಇವನು.

ಹೊಸರಿತ್ತಿಯಲ್ಲಿ ಆಗಿದ್ದು ಸುಳ್ಳಲ್ಲ. ಸಂಬಂಧಿಕರ ಮದುವೆಯಲ್ಲಿ ಊಟ ತಡವಾಗಿ, ಸೂಜಿ ಮೊದಲೇ ಹಾಕಿದ್ದರಿಂದ ಮಗಳು ಅಲ್ಮಾಸ ಬೆವೆತು, ನಡುಗಿ, ಚಾಪೆಯ ಮೇಲೆ ಕುಸಿದಿದ್ದಳು. ಬೇನಜೀರ ಅವಳನ್ನು ಎತ್ತಿಕೊಂಡು ಯಾರದೋ ಹಿತ್ತಲಿಗೆ ಓಡಿ ಬಾಯಿಗೆ ಸಕ್ಕರೆ ತುರುಕಿದ್ದಳು. ಹಿತ್ತಲಿಗೇಕೆ? ಯಾರೂ ನೋಡಬಾರದು ಎಂದು. ಹತ್ತು ವರ್ಷದ ಹುಡುಗಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ನಾಳೆ ಹುಡುಗಿಯನ್ನು ಯಾರು ಕೇಳುತ್ತಾರೆ? ಹಾಗೆಂದು ಮೊದಲು ಹೇಳಿದವರು ಯಾರು ಎಂದು ಮುಸ್ತಾಕ್ ಈಗ ನೆನಪಿಸಿಕೊಳ್ಳಲು ನೋಡಿದ. ತಾಯಿ ತಾಜಬಿಯೇ? ಅಣ್ಣ ದಾದಾಪೀರನೇ? ಅಥವಾ ಯಾರೂ ಹೇಳದೆಯೇ ಎಲ್ಲರೂ ಒಪ್ಪಿಕೊಂಡಿದ್ದರೋ. ಮನೆಯ ಗೋಡೆಯೊಳಗಿನ ನಾಲ್ಕು ಜನ ಮತ್ತು ದಾದಾಪೀರನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಶಾಲೆಯಲ್ಲೂ ಇಲ್ಲ. ದಾದಾಪೀರನ ಮಗಳು ಹೀನಾ ಅಲ್ಮಾಸಗಿಂತ ಒಂದು ವರ್ಷ ಚಿಕ್ಕವಳು. ಪಕ್ಕದ ಓಣಿಯಲ್ಲೇ ಮನೆ, ಅವಳಿಗೂ ಗೊತ್ತಿಲ್ಲ. ಕಳೆದ ವರ್ಷ ಹೀನಾ ಮೊದಲ ರೋಜಾ ಹಿಡಿದಾಗ ಮಲ್ಲಿಗೆ ಮಾಲೆ ಹಾಕಿ, ಹೊಸ ಬಟ್ಟೆ ತೊಡಿಸಿ, ಓಣಿಯ ಜನಕ್ಕೆಲ್ಲ ಊಟ ಹಾಕಿದ್ದರು. ಆವತ್ತು ಒಬ್ಬ ಮುದುಕಿ, ಕುಲ್ಸುಮಬಿ ಎಂದು ಹೆಸರು, ಊರಿನ ಉಸಾಬರಿಯನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗುವವಳು, ಅಲ್ಮಾಸಳ ಗಲ್ಲ ಹಿಡಿದು "ನಿಂದು ಯಾವಾಗವ್ವ? ತಂಗೀ ಹಿಡದ್ಲು, ಅಕ್ಕ ಇನ್ನೂ ತಿನ್ಕೋತ ಕುಂತೀಯಲ್ಲ" ಎಂದಳು. ಮಗಳ ಮುಖ ಆಗ ಹೇಗಾಯಿತೆಂದರೆ, ಅದನ್ನು ನೆನೆದರೆ ಮುಸ್ತಾಕನಿಗೆ ಇವತ್ತಿಗೂ ಯಾರಿಗಾದರೂ ಒಂದು ಬಾರಿಸಬೇಕೆನಿಸುತ್ತದೆ. ಯಾರಿಗೆ ಎಂಬುದು ಮಾತ್ರ ಸ್ಪಷ್ಟವಿಲ್ಲ.

ಈ ವರ್ಷ ಅಲ್ಮಾಸ ತಾನೂ ರೋಜಾ ಹಿಡಿಯುತ್ತೇನೆಂದಾಗ ತಾಜಬಿ ಬೇಡ ಎಂದೇ ಹೇಳಿದ್ದಳು. "ಬೀಮಾರಿ ಇದ್ದವರಿಗೆ ಮಾಫಿ ಐತಿ, ಬೇಟಾ. ಅಲ್ಲಾ ಅಷ್ಟ ಕಠೋರ ಇಲ್ಲ." ಇವನಿಗೆ ಆ ಮಾಫಿ ಎಂಬ ಮಾತೇ ಚುಚ್ಚಿತು. ತನ್ನ ಮಗಳು ಮಾಫಿ ಪಡೆದವರ ಸಾಲಿನಲ್ಲಿ ಮುದುಕರು, ರೋಗಿಗಳ ಜೊತೆ ಜೀವನವಿಡೀ ಕೂರಬೇಕೇ? ಒಂದು ದಿನ, ಒಂದೇ ಒಂದು ದಿನ. ಏನೂ ಆಗುವುದಿಲ್ಲ, ತನಗೆ ಗೊತ್ತಿದೆ ಎಂದ. ಈಗ ಕಿಟಕಿಯ ಹೊರಗೆ ಮಾರ್ಚಿನ ಬಿಸಿಲು ಬೆಳಿಗ್ಗೆಯೇ ಬಿಳಿಚಿಕೊಂಡಿತ್ತು. ಮುಂದಿನ ಸೀಟಿನ ಕೆಳಗೆ ಯಾರದೋ ಮೆಣಸಿನಕಾಯಿ ಚೀಲ. ಧಾರವಾಡದ ಕಡೆಯವಳಂತೆ ಕಾಣುವ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಒತ್ತಿ ಸೀನುತ್ತಿದ್ದಳು. ಉಳಿದವರು ಯಾರೂ ಸೀನುತ್ತಿರಲಿಲ್ಲ. ಬ್ಯಾಡಗಿಯವರ ಮೂಗು ಹುಟ್ಟುವಾಗಲೇ ಅರ್ಧ ಸತ್ತಿರುತ್ತದೆ ಎಂದು ದಾದಾಪೀರ ನಗುತ್ತಾನೆ. ಮೆಣಸಿನಕಾಯಿ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದವನು, ಅವನು ಹೇಳಿದರೆ ಇರಬಹುದು.

ಕ್ಲಾಸಿನಲ್ಲಿ ಪಾಠ ಕೋಶಪೊರೆಯದೇ. ಪ್ರವೇಶ ಪರೀಕ್ಷೆಯ ಹುಡುಗರಿಗೆ ಎಲ್ಲವನ್ನೂ ಮತ್ತೊಮ್ಮೆ ಗಡಿಬಿಡಿಯಲ್ಲಿ ಹೇಳುವ ತಿಂಗಳು ಅದು. ಬೇರೆ ದಿನವಾಗಿದ್ದರೆ ಮುಸ್ತಾಕ್ ಖುಷಿಯಿಂದ ಹೇಳುತ್ತಿದ್ದ ಪಾಠ. ಅವನದೊಂದು ಪ್ರಸಿದ್ಧ ಉಪಮೆಯಿತ್ತು, ಹಳೆಯ ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಅದನ್ನೇ ನೆನಪಿಸಿ ನಗುತ್ತಿದ್ದರು. ಜೀವಕೋಶ ಅಂದರೆ ಬ್ಯಾಡಗಿಯ ಮಾರ್ಕೆಟ್ ಯಾರ್ಡು. ಪೊರೆ ಅದರ ಕಾಂಪೌಂಡು. ನೀರು ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ, ಆಡಿನ ಮರಿಯನ್ನು ಯಾರು ತಡೆಯುತ್ತಾರೆ? ಉಪ್ಪನ್ನು ಒಳಗಿಂದ ಹೊರಗೆ ದೂಡಬೇಕಾದರೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಆ ಕರೆಂಟು ಹುಟ್ಟುವುದು ಯಾರ್ಡಿನೊಳಗಿನ ಪುಟ್ಟ ಪುಟ್ಟ ಒಲೆಗಳಲ್ಲಿ, ಅವಕ್ಕೆ ಮೈಟೋಕಾಂಡ್ರಿಯ ಎನ್ನುತ್ತೇವೆ. ಒಲೆಗೆ ಸೌದೆ ಸಕ್ಕರೆ. ಸಕ್ಕರೆ ಮೂಟೆಗಳು ಲಾರಿಯಲ್ಲಿ ಬಂದು ಗೇಟಿನ ಮುಂದೆ ನಿಲ್ಲುತ್ತವೆ. ಮೂಟೆ ತಾನಾಗಿ ಒಳಗೆ ಹೋಗಲಾರದು. ಗೇಟು ತೆಗೆಯುವವನೊಬ್ಬ ಬರಬೇಕು, ಅವನು ಇನ್ಸುಲಿನ್. "ಅಂವ ರಜಾ ಹಾಕಿದ್ರ?" ಎಂದು ಇವನೇ ಕೇಳುತ್ತಿದ್ದ, "ಹೊರಗ ರಸ್ತೆ ತುಂಬ ಮೂಟಿ, ಒಳಗ ಉಪವಾಸ!" ಎಂದು ಇವನೇ ಉತ್ತರ ಹೇಳುತ್ತಿದ್ದ, ಹುಡುಗರು ನಗುತ್ತಿದ್ದರು. ಇವತ್ತೂ ನಕ್ಕರು. ಉಪವಾಸ ಎಂಬ ಶಬ್ದ ಬಾಯಿಂದ ಹೊರಬಿದ್ದ ಮೇಲೆ ಮುಸ್ತಾಕ್ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ಹಲಗೆಯ ಮೇಲಿಟ್ಟು ನಿಂತ. ಎರಡನೆಯ ಬೆಂಚಿನ ಸಿದ್ದೇಶ, ಪ್ರಶ್ನೆ ಕೇಳದಿದ್ದರೆ ಊಟ ಜೀರ್ಣವಾಗದ ಹುಡುಗ, ಎದ್ದು ನಿಂತ. "ಸರ್, ಗೇಟ್ ತಗೀಲಿಲ್ಲಂದ್ರ ಒಳಗಿನವ್ರು ಸುಮ್ನ ಕುಂದ್ರತಾರೇನ್ರಿ? ಒಲಿಗೆ ಏನ್ ಹಾಕತಾರ?"

"ಮನೀ ತೊಲೀನ ಕಿತ್ತು ಹಾಕತಾರ. ಅಂದ್ರ ಕೊಬ್ಬು," ಎಂದಿತು ಕ್ಲಾಸಿನ ದನಿ.

"ಹಂಗಾರ ಹೊರಗ ಹೊಸಾ ಮೂಟಿ ಬರ್ಲಿ ಬಿಡ್ಲಿ, ಗೇಟ್ ತಗಿಯಾಂವ ಬೇಕ ಬೇಕ ಅಲ್ರಿ ಸರ್?"

ಮುಸ್ತಾಕ್ ಹುಡುಗನನ್ನೇ ನೋಡಿದ. ಹೊಸ ಮೂಟೆ ಬರಲಿ ಬಿಡಲಿ. ಊಟ ಮಾಡಲಿ ಬಿಡಲಿ. ಹೊಟ್ಟೆಗೇನೂ ಹೋಗುವುದಿಲ್ಲ ಅಂದಮೇಲೆ ಸೂಜಿ ಯಾತಕ್ಕೆ? ತೊಲೆ ಉರಿದಾಗ ಏಳುವ ಹೊಗೆಗೂ ಕೀಟೋನ್ ಎಂದು ಒಂದು ಹೆಸರಿತ್ತು, ಆ ಹೊಗೆ ರಕ್ತಕ್ಕೆ ಸೇರಿದರೆ ರಕ್ತ ಹುಳಿಯಾಗುತ್ತದೆ, ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಬರುತ್ತದೆ, ಇದನ್ನೆಲ್ಲ ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಎಷ್ಟು ಸಲ ಬರೆಸಿಲ್ಲ! "ಕೂತ್ಕೋ," ಎಂದ. ಹುಡುಗ ಕೂತ. ತಾನು ಏನೋ ತಪ್ಪು ಕೇಳಿದೆನೆಂದು ಅವನ ಮುಖ ಸಣ್ಣದಾಯಿತು. ತಪ್ಪಿಲ್ಲಪ್ಪ, ನೀನು ಸರಿಯಾಗಿಯೇ ಕೇಳಿದೆ ಎಂದು ಹೇಳಬೇಕೆನಿಸಿತು, ಹಲಗೆಯ ಕಡೆ ತಿರುಗಿದ. ಆದರೆ ಒಂದು ದಿನ ತಾನೇ. ರಾತ್ರಿ ಅರ್ಧ ಹಾಕಿದ್ದಿದೆ. ಅರ್ಧ ಅಂದರೆ ಎಷ್ಟು ಹೊತ್ತಿಗೆ ಸಾಕು? ನಸುಕಿನಲ್ಲಿ ಅವಳು ಖರ್ಜೂರ ತಿಂದಳು, ಖೀರು ಕುಡಿದಳು. ಹಾಗಾದರೆ ಮೂಟೆಗಳಂತೂ ಬಂದಿವೆ. ಅವನಿಗೆ ಲೆಕ್ಕ ಹತ್ತಲಿಲ್ಲ. ಪುಸ್ತಕದಲ್ಲಿ ಇಷ್ಟು ಹೊತ್ತು ಎಂದು ಬರೆದಿರುತ್ತದೆಯೇ? ಬರೆದಿದ್ದರೂ ಅದು ಯಾರ ಮಗಳ ಲೆಕ್ಕ?

ವರಾಂಡದಲ್ಲಿ ನಿಂತು ಮನೆಗೆ ಫೋನು ಮಾಡಿದ. ತಾಜಬಿ ಎತ್ತಿದಳು. ಹಿಂದೆ ಹೆಂಗಸರ ಗಲಾಟೆ, ಪಾತ್ರೆಯ ಸದ್ದು. "ಅಲ್ಮಾಸ ಮಲಗ್ಯಾಳ, ಬೇಟಾ. ಮುಂಜಾನಿಂದ ಒಂದಕ್ಕ ಹೋಗೂದ ಹೋಗೂದು. ನೀರಡಿಕಿ ಭಾಳ ಆಗೈತಂತ. ಆದ್ರ ಹಟಮಾರಿ ಹುಡಿಗಿ, ಒಂದ ಹನಿ ಮುಟ್ಟಿಲ್ಲ. ಬಾಯಾಗ ರೋಜಾದ ವಾಸನಿ ಬಂದೈತಿ ನೋಡು, ಆಯ್ ಹಾಯ್, ಆ ವಾಸನಿ ಅಲ್ಲಾಗ ಕಸ್ತೂರಿಗಿಂತ ಪ್ರೀತಿ ಅಂತ ದೊಡ್ಡವರು ಹೇಳ್ತಿದ್ರು." ಮುದುಕಿಯ ದನಿ ತೇವವಾಗಿತ್ತು. ಬೇಡ ಎಂದವಳೇ ಈಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದ್ದಳು. "ಎಂಥಾ ವಾಸನಿ, ಅಮ್ಮಾ?" ಎಂದು ಕೇಳಿದ ಮುಸ್ತಾಕ್. "ಎಂಥಾ ಅಂದ್ರ? ರೋಜಾ ಇದ್ದವರ ಬಾಯಿ ವಾಸನಿ. ನಿನ್ನ ಬಾಯಾಗ ಬರೂದಿಲ್ಲೇನು?" ಎಂದು ನಕ್ಕಳು. ಅವನು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಊದಿ ಮೂಸಿದ. ಬರೀ ಸೀಮೆಸುಣ್ಣದ ವಾಸನೆ. ಅಷ್ಟರಲ್ಲಿ ವರಾಂಡದ ತುದಿಯಿಂದ ಪ್ರಿನ್ಸಿಪಾಲ ಸಿದ್ದಲಿಂಗಪ್ಪನವರು ಬಂದದ್ದು ಅವನಿಗೆ ಕಾಣಲಿಲ್ಲ. ತನ್ನ ಅಂಗೈಯನ್ನು ತಾನೇ ಮೂಸುತ್ತಿರುವ ಉಪನ್ಯಾಸಕನನ್ನು ಅವರು ಚಣಕಾಲ ನೋಡಿ, ನೋಡದವರಂತೆ ಕೆಮ್ಮಿದರು.

"ಸರ್, ನನಗ ಲಗೂ ಮನೀಗೆ ಹೋಗಬೇಕಾಗೇತ್ರಿ," ಎಂದ ಮುಸ್ತಾಕ್.

"ಯಾಕ್ರಿ, ಆರಾಮ ಅದೀರಿಲ್ಲೋ?"

ಮಗಳಿಗೆ ಹುಷಾರಿಲ್ಲ ಎಂದರೆ ಏನಾಗಿದೆ ಎನ್ನುತ್ತಾರೆ. "ಮಗಳದು ಮೊದಲನೇ ರೋಜಾ ಐತ್ರಿ ಇವತ್ತು," ಎಂದು ನಾಲಿಗೆ ತಾನಾಗಿ ಹೇಳಿತು. ಸಿದ್ದಲಿಂಗಪ್ಪನವರ ಮುಖ ಅರಳಿತು. ಒಳ್ಳೆಯ ಮನುಷ್ಯ, ಶಿವರಾತ್ರಿಗೆ ತಾವೂ ನೀರು ಮುಟ್ಟದವರು. "ಭೇಷ್! ಸಣ್ಣ ಕೂಸು, ಈ ಬಿಸಲಾಗ! ಹೋಗ್ರಿ ಹೋಗ್ರಿ. ನನ್ನ ಆಶೀರ್ವಾದ ಹೇಳ್ರಿ. ನಮಗ ಊಟ ಮಾತ್ರ ಬಾಕಿ ಐತಿ ನೋಡ್ರಿ ಮತ್ತ," ಎಂದು ಬೆನ್ನು ತಟ್ಟಿದರು. ಬೆನ್ನಿನ ಆ ಜಾಗ ಬಸ್ಸು ಹತ್ತಿದ ಮೇಲೂ ಸುಡುತ್ತಿತ್ತು.

ಬಸ್ಸಿನಲ್ಲಿ ಅವನು ಬೇನಜೀರಳಿಗೆ ಫೋನು ಮಾಡಬಹುದಿತ್ತು. ಸೂಜಿ ಹಾಕು ಎಂದು ಎರಡೇ ಮಾತು. ಕೈಯಲ್ಲಿ ಫೋನು ಹಿಡಿದು ಅವಳ ಹೆಸರನ್ನು ನೋಡುತ್ತ ಕೂತ. ಹಾಕು ಎಂದರೆ, ಮುಂಜಾನೆ ಯಾಕೆ ಬೇಡ ಎಂದಿರಿ ಎಂದು ಅವಳು ಕೇಳುವುದಿಲ್ಲ, ಅವಳು ಏನನ್ನೂ ಕೇಳುವವಳಲ್ಲ. ಅದೇ ಕಷ್ಟ. ಮತ್ತೆ ಈಗ ಹಾಕಿದರೆ ನಿಜವಾಗಿಯೂ ಸಕ್ಕರೆ ಇಳಿದು ಬಿದ್ದರೆ? ಎಲ್ಲರೆದುರು? ಸೂಜಿಯಿಂದ ರೋಜಾ ಮುರಿಯುತ್ತದೆಂದು ಅಲ್ಮಾಸ ಯಾರಿಂದಲೋ ಕೇಳಿಕೊಂಡು ಬಂದಿದ್ದಳು. ಮುರಿಯುವುದಿಲ್ಲ, ಅದು ಊಟವಲ್ಲ ಎಂದು ತಾಜಬಿ ಹೇಳಿದ್ದಳು. ದಾದಾಪೀರ ಮಸೀದಿಯಲ್ಲಿ ಕೇಳಿ ಹೇಳುತ್ತೇನೆಂದವನು ಸೀಸನ್ ಗಡಿಬಿಡಿಯಲ್ಲಿ ಮರೆತಿದ್ದ. ಒಳಗೆ ಹೋಗುವುದು ಯಾವುದು, ಹೋಗದಿರುವುದು ಯಾವುದು? ಬಾಯಿಂದ ಹೋದರೆ ಮಾತ್ರ ಹೋದಂತೆಯೇ? ಕುಲ್ಸುಮಬಿಯ ಮಾತು ಮಗಳೊಳಗೆ ಯಾವ ದಾರಿಯಿಂದ ಹೋಯಿತು? ಯೋಚನೆಗಳು ಒಂದರ ಬಾಲ ಒಂದು ಕಚ್ಚಿಕೊಂಡು ಸುತ್ತಿದವು. ಹೊರಗೆ ಯಾರ್ಡಿಗೆ ಹೋಗುವ ಲಾರಿಗಳು ಕೆಂಪು ಚೀಲ ಹೊತ್ತು ಸಾಲುಗಟ್ಟಿ ನಿಂತಿದ್ದವು, ಬಸ್ಸು ಅವುಗಳ ಹಿಂದೆ ನಿಂತೇಬಿಟ್ಟಿತು. ಇಳಿದು ನಡೆದ. ಫೋನು ಮಾಡಿರಲಿಲ್ಲ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಪಡಸಾಲೆಯಲ್ಲಿ ಹೆಂಗಸರು, ಮಧ್ಯೆ ಕುಲ್ಸುಮಬಿ, ತಟ್ಟೆಯಲ್ಲಿ ಬಾಡದಂತೆ ಒದ್ದೆ ಬಟ್ಟೆ ಮುಚ್ಚಿಟ್ಟ ಮಲ್ಲಿಗೆ ಮಾಲೆ. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ಒಳಗಿನ ಕೋಣೆಯಲ್ಲಿ ಅಲ್ಮಾಸ ಜರಿಯಂಚಿನ ಹಸಿರು ಬಟ್ಟೆ ತೊಟ್ಟು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಉಸಿರು ಆಳವಾಗಿ, ಓಡಿ ಬಂದವಳಂತೆ. ಮುಸ್ತಾಕ್ ಬಗ್ಗಿ ಅವಳ ಬಾಯಿಯ ಹತ್ತಿರ ಮೂಗಿಟ್ಟ. ಹಣ್ಣಿನ ವಾಸನೆ! ತಲೆಯೆತ್ತಿದರೆ ಪಕ್ಕದ ಮೇಜಿನ ಮೇಲೆ ಸಂಜೆಗೆಂದು ಹೆಚ್ಚಿಟ್ಟ ಬಾಳೆಹಣ್ಣು, ಕರಬೂಜ, ಪಪ್ಪಾಯಿಯ ದೊಡ್ಡ ಪರಾತ. ತಾನು ಮೂಸಿದ್ದು ಇದನ್ನೇ? ಮತ್ತೆ ಬಗ್ಗಿದ. ತಿಳಿಯಲಿಲ್ಲ. ಎರಡೂ ಕೈಯಲ್ಲಿ ಪರಾತ ಎತ್ತಿಕೊಂಡು ಪಡಸಾಲೆ ದಾಟಿ ಹಿತ್ತಲಿಗೆ ನಡೆದ. "ಅಯ್ಯ, ಮಾಸ್ತರಗ ಆಜಾನ್ ತನಕಾ ತಡಿಯಾಕ ಆಗವಲ್ದು ನೋಡ್ರೇ! ಮಗಳು ಗಟ್ಟಿ ಅದಾಳ, ಅಪ್ಪ ಸೋತ," ಎಂದಳು ಕುಲ್ಸುಮಬಿ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವನೂ ನಕ್ಕ, ಯಾಕೆ ನಕ್ಕನೋ. ಹಿತ್ತಲಲ್ಲಿ ಒಣಗಲು ಹರವಿದ ಮೆಣಸಿನಕಾಯಿಯ ಪಕ್ಕ ಪರಾತ ಇಟ್ಟು ಬಂದು ಮೂರನೆಯ ಸಲ ಮಗಳ ಬಾಯಿಗೆ ಮೂಗು ಹಚ್ಚಿದ.

ವಾಸನೆ ಹೋಗಿರಲಿಲ್ಲ.

ಆದರೂ ಅವನ ಮನಸ್ಸು ವಾದ ಬಿಡಲಿಲ್ಲ. ಹಣ್ಣಿನ ವಾಸನೆ ಕೋಣೆಯಲ್ಲೇ ಉಳಿದಿರಬಹುದು. ಮೂಗಿನಲ್ಲೇ ಉಳಿದಿರಬಹುದು. ಈ ಅರ್ಧ ಸತ್ತ ಮೂಗು! ಕಪಾಟಿನಿಂದ ಸಕ್ಕರೆ ಅಳೆಯುವ ಯಂತ್ರ ತೆಗೆದು ಮಗಳ ಬೆರಳು ಹಿಡಿದ. ಅವಳು ಕಣ್ಣು ತೆರೆಯದೆಯೇ ಕೈ ಎಳೆದುಕೊಂಡಳು. "ರಕ್ತ ಬಂದ್ರ ಮುರೀತತಿ, ಅಬ್ಬಾ." "ಇಲ್ಲವ್ವ, ಮುರಿಯೂದಿಲ್ಲ." ಜೀವನದಲ್ಲಿ ಮೊದಲ ಸಲ ತಾನೇ ಚುಚ್ಚಿದ. ರಕ್ತ ಸುಲಭವಾಗಿ ಬಂತು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಅಳತೆ ಮೀರಿದಾಗ ತೋರಿಸುವ ಅಕ್ಷರಗಳನ್ನು ತೋರಿಸಿ ಸುಮ್ಮನಾಯಿತು. ಹೊರಗೆ ರಸ್ತೆ ತುಂಬ ಮೂಟೆ. ಅವನು ಲೋಟಕ್ಕೆ ನೀರು ಬಗ್ಗಿಸಿ ಅವಳ ತಲೆ ಎತ್ತಿ ಹಿಡಿದ. "ಇನ್ನ ಸ್ವಲ್ಪ ಹೊತ್ತು ಐತಿ," ಎಂದಳು ಅಲ್ಮಾಸ. ತುಟಿ ಒಡೆದು ಹೋಗಿತ್ತು. "ಹೀನಾ ಪೂರಾ ಮಾಡ್ಯಾಳ." ತುಟಿಗಳನ್ನು ಬಿಗಿಹಿಡಿದು ಮುಖ ತಿರುಗಿಸಿದಳು. ಇಷ್ಟು ಹೊತ್ತು ತಡೆದಿದ್ದಾಳೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಸಂಜೆಯ ಆಜಾನ್, ರೋಜಾ ಬಿಡುವ ಹೊತ್ತು. ಮಾಲೆ ಹಾಕುತ್ತಾರೆ, ಎಲ್ಲರೂ ನೋಡುತ್ತಾರೆ, ಆಮೇಲೆ ಸುಮ್ಮನೆ ಒಳಗೆ ಕರೆದುಕೊಂಡು ಬಂದು ಸೂಜಿ ಹಾಕಿದರೆ? ಆಗ ಯಾರಿಗೂ ಏನೂ ಗೊತ್ತಾಗುವುದಿಲ್ಲ. ತಂದೆಯೊಬ್ಬ ಇಂಥ ಹೊತ್ತಿನಲ್ಲಿ ಇಂಥದ್ದನ್ನು ಯೋಚಿಸಬಹುದೇ ಎಂದು ಅವನಿಗೆ ಹೇಸಿಕೆಯಾಯಿತು. ಹೇಸಿಕೆಯಾದರೂ ಲೋಟ ಹಿಡಿದು ನಿಂತೇ ಇದ್ದ.

ಬೇನಜೀರ ಯಾವಾಗ ಬಂದಳೋ. ಯಂತ್ರವನ್ನು ನೋಡಿದಳು, ಮಗಳ ಎದೆ ಏರಿಳಿಯುವುದನ್ನು ನೋಡಿದಳು, ಗಂಡನನ್ನು ನೋಡಲಿಲ್ಲ. ಒಂದೇ ಸಲಕ್ಕೆ ಅಲ್ಮಾಸಳನ್ನು ಹೆಗಲಿಗೆ ಎತ್ತಿಕೊಂಡಳು. ಪಡಸಾಲೆಗೆ ಬಂದಳು. "ಏನಾತು? ದೃಷ್ಟಿ ತಾಕೇತೇನು?" ಎಂದು ಕುಲ್ಸುಮಬಿ ಎದ್ದಳು.

"ದೃಷ್ಟಿ ಅಲ್ಲ. ಅಲ್ಮಾಸಗ ಸಕ್ರಿ ಬೀಮಾರಿ ಐತಿ. ಎರಡ ವರ್ಷ ಆತು," ಎಂದಳು ಬೇನಜೀರ. ಇಡೀ ಓಣಿಗೆ ಕೇಳುವಂತೆ, ಸಿಟ್ಟಿಲ್ಲದೆ. ಆಮೇಲೆ ಅಂಗಳದಲ್ಲಿದ್ದ ದಾದಾಪೀರನ ಕಡೆ ತಿರುಗಿದಳು. "ಭಾಯಿಜಾನ್, ಕಾರ್ ತಗೀರಿ. ಹಾವೇರಿಗೆ ಹೋಗೂದೈತಿ."

ದಾದಾಪೀರನ ಕಾರಿನಲ್ಲಿ ಮೆಣಸಿನಕಾಯಿಯ ಘಾಟು ಸೀಟಿನೊಳಕ್ಕೇ ಇಳಿದಿತ್ತು. ಬೇನಜೀರ ಹಿಂದೆ, ಮಗಳ ತಲೆ ತೊಡೆಯ ಮೇಲೆ. ಮುಸ್ತಾಕ್ ಮುಂದೆ. ಎರಡು ವರ್ಷ ಅಡಗಿಸಿಟ್ಟದ್ದು ಒಂದು ಉಸಿರಿನಲ್ಲಿ ಹೊರಬಿದ್ದಿತ್ತು, ಹೊರಬಿದ್ದು ಏನೂ ಆಗಿರಲಿಲ್ಲ. ಕುಲ್ಸುಮಬಿ ಕಾರಿನ ಬಾಗಿಲು ತೆಗೆದು ಹಿಡಿದಿದ್ದಳು, ಅಷ್ಟೇ. ಮೋಟೆಬೆನ್ನೂರಿನ ಹತ್ತಿರ ಸೂರ್ಯ ಕಾಣಲಿಲ್ಲ, ಧೂಳೋ ಮೋಡವೋ ಕೆಂಪಗಿತ್ತು. ಹಿಂದೆ ಬಾಟಲಿಯ ಮುಚ್ಚಳ ತಿರುವಿದ ಸದ್ದು. ಬೇನಜೀರ ಬೆರಳು ಅದ್ದಿ ಮಗಳ ತುಟಿಗೆ ನೀರು ಸವರುತ್ತಿದ್ದಳು. ಎಲ್ಲಿಂದಲೋ ಆಜಾನ್ ಕೇಳಿತು. ನೀರು ಮೊದಲೋ ಆಜಾನ್ ಮೊದಲೋ? ಮುಸ್ತಾಕ್ ತಿರುಗಿ ನೋಡುವಷ್ಟರಲ್ಲಿ ಎರಡೂ ಆಗಿಹೋಗಿದ್ದವು. ದಾದಾಪೀರ ಒಂದು ಖರ್ಜೂರ ತೆಗೆದು ತಮ್ಮನ ಕೈಗಿತ್ತ. ಅದು ಅಂಗೈಯಲ್ಲೇ ಬೆವರಿಗೆ ಅಂಟಿಕೊಂಡಿತು.

ಹಾವೇರಿಯ ಆಸ್ಪತ್ರೆಯಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ಓಡುತ್ತ ಬಂದಳು. ಮಗುವಿನ ಬಾಯಿಯ ಹತ್ತಿರ ಒಂದೇ ಒಂದು ಸಲ ಬಗ್ಗಿ, ತಕ್ಷಣ ನರ್ಸಿಗೆ ಏನೇನೋ ಹೇಳಿದಳು. ಸಲೈನು ಏರಿತು, ಅದರ ಬೆನ್ನಿಗೆ ಇನ್ಸುಲಿನ್. ಎಲ್ಲ ಆದ ಮೇಲೆ ತಲೆಯೆತ್ತಿ ನೋಡಿ "ಸರ್? ಮುಸ್ತಾಕ್ ಸರ್! ನಾನ್ರಿ, ನಿರ್ಮಲಾ. ನಿಮ್ಮ ಸ್ಟೂಡೆಂಟು," ಎಂದಳು. ಅವನು ತಲೆಯಾಡಿಸಿದ. ಮೊದಲ ಬೆಂಚು, ಎರಡು ಜಡೆ, ಪೊರೆಯ ಚಿತ್ರ ಚೆಂದ ಬರೆಯುತ್ತಿದ್ದವಳು. "ಇನ್ಸುಲಿನ್ ಕೊನೀಗೆ ಯಾವಾಗ ಹಾಕೀರಿ?" ಎಂದು ಕೇಳಿದಳು. ಹಿಂದಿನಿಂದ ಬೇನಜೀರ ಹೇಳಿದಳು:

"ನಿನ್ನಿ ರಾತ್ರಿ ಅರ್ಧ ಹಾಕೀನ್ರಿ. ಇವತ್ತು ನಾನ ಮರತೆ. ಮನ್ಯಾಗ ಕಾರ್ಯೇವಿತ್ತು."

"ಮರಿಯೂದೇನ್ರಿ ಇದು? ಇಂಥಾ ಸರ್ ಮನ್ಯಾಗಿಟ್ಕೊಂಡು?" ನಿರ್ಮಲಾಳ ದನಿ ಗಡುಸಾಯಿತು. "ಉಂಡ್ರೂ, ಉಪಾಸ ಇದ್ರೂ ಇನ್ಸುಲಿನ್ ಪೂರಾ ಬಿಡಂಗಿಲ್ಲ. ಇನ್ನ ಸ್ವಲ್ಪ ತಡಾ ಆಗಿದ್ರ..."

"ಆಕಿ ಮರತಿಲ್ಲ," ಎಂದ ಮುಸ್ತಾಕ್. ದನಿ ತನ್ನದಲ್ಲವೆಂಬಂತೆ ಸಣ್ಣಗಿತ್ತು. "ಆಕಿ ಕೇಳಿದ್ಲು. ನಾ ಬ್ಯಾಡ ಅಂದೆ."

ನಿರ್ಮಲಾ ಅವನನ್ನು ಮರುಕದಿಂದ ನೋಡಿದಳು. "ಬಿಡ್ರಿ ಸರ್. ಅವರನ್ನ ಉಳಸಾಕ ನೀವು ಹಂಗ ಹೇಳಾಕತ್ತೀರಿ. ನಮಗ ಇದನ್ನ ಕಲಿಸಿದವರ ನೀವು." ಮತ್ತೆ ಬೇನಜೀರಳ ಕಡೆ ತಿರುಗಿ, ತಾಳ್ಮೆಯಿಂದ, ದಡ್ಡ ವಿದ್ಯಾರ್ಥಿಗೆ ಹೇಳುವಂತೆ ಶುರು ಮಾಡಿದಳು. "ನೋಡ್ರಿ ಅಮ್ಮಾ, ನಿಮ್ಮೂರ ಮಾರ್ಕೆಟ್ ಯಾರ್ಡ್ ಐತಲ್ಲ, ಸಕ್ರಿ ಮೂಟಿ ಬಂದು ಗೇಟಿನ ಮುಂದ ನಿಂತಾವ ಅಂತ ತಿಳಕೋರಿ..." ಬೇನಜೀರ ಸೆರಗು ತಲೆಯ ಮೇಲೆ ಎಳೆದುಕೊಂಡು ಪ್ರತಿ ಮಾತಿಗೂ ಹೂಂಗುಟ್ಟುತ್ತಿದ್ದಳು. ಒಂದೇ ಒಂದು ಸಲವೂ ಗಂಡನ ಕಡೆ ನೋಡಲಿಲ್ಲ. ಹೊರಡುವಾಗ ನಿರ್ಮಲಾ "ಕೂಸಿನ ಜೀವಕ್ಕೇನೂ ಇಲ್ರಿ ಸರ್, ಬೇಷ್ ಟೈಮಿಗೆ ತಂದೀರಿ," ಎಂದಳು. ತಂದದ್ದೂ ತಾನಲ್ಲ ಎಂದು ಹೇಳಲು ಬಾಯಿ ತೆರೆದ, ಆದರೆ ಯಾರು ನಂಬುತ್ತಾರೆ?

ಸಲೈನಿನ ಬಾಟಲಿ ಅರ್ಧಕ್ಕಿಳಿದಾಗ ಅಲ್ಮಾಸ ಕಣ್ಣು ಬಿಟ್ಟಳು. ಉಸಿರು ಮೊದಲಿನಷ್ಟು ಜೋರಿರಲಿಲ್ಲ. ಕೈಗೆ ಚುಚ್ಚಿದ ನಳಿಗೆಯನ್ನು ನೋಡಿದಳು, ಹಸಿರು ಬಟ್ಟೆಯ ತೋಳನ್ನು ಕತ್ತರಿಸಿದ್ದನ್ನು ನೋಡಿದಳು. ಅಳುತ್ತಾಳೆಂದುಕೊಂಡ, ಅಳಲಿಲ್ಲ.

"ಅಬ್ಬಾ, ನಂದು ಪೂರಾ ಆತೋ, ಮುರೀತೋ?"

"ನನಗ ಗೊತ್ತಿಲ್ಲವ್ವ," ಎಂದ.

ಅಪ್ಪನ ಬಾಯಲ್ಲಿ ಆ ಮಾತನ್ನು ಅವಳು ಹಿಂದೆ ಕೇಳಿರಲಿಲ್ಲವೇನೋ, ಹುಬ್ಬು ಗಂಟಿಕ್ಕಿ ನೋಡಿದಳು. "ಹಂಗಾರ ಅಮ್ಮೀನ್ನ ಕೇಳ್ಕೊಂಡು ಬಾ."

ಬೇನಜೀರ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಆಜಾನ್ ಆಗಿ ಎಷ್ಟೋ ಹೊತ್ತಾಗಿದ್ದರೂ ಅವಳಿನ್ನೂ ರೋಜಾ ಬಿಟ್ಟಿರಲಿಲ್ಲ. ಮುಸ್ತಾಕ್ ಅಂಗೈಗೆ ಅಂಟಿದ್ದ ಖರ್ಜೂರವನ್ನು ಬಿಡಿಸಿ ಅವಳ ಮುಂದೆ ಹಿಡಿದ. ತೆಗೆದುಕೊಂಡಳು, ತಿನ್ನಲಿಲ್ಲ. "ಆಕಿ ಕೇಳಾಕತ್ತಾಳ," ಎಂದ. "ನೀ ತುಟಿಗೆ ನೀರ ಹಚ್ಚಿದ್ದು ಆಜಾನ್‌ಕಿಂತ ಮೊದಲೋ, ಆಮ್ಯಾಲೋ?"

ಅವಳು ಇವತ್ತು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೊದಲ," ಎಂದಳು. "ಆದ್ರ ಆಮ್ಯಾಲೆ ಅಂತ ನೀವ ಹೋಗಿ ಹೇಳ್ರಿ. ನೀವು ಹೇಳಿದ್ರ ನಂಬತಾಳ."

ಮುಸ್ತಾಕ್ ಕೋಣೆಯ ಬಾಗಿಲ ತನಕ ಬಂದ. ಒಳಗಿನಿಂದ ಅಲ್ಮಾಸ ತಲೆ ಹೊರಳಿಸಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯದೆ ಅವನು ಹೊಸ್ತಿಲ ಹೊರಗೇ ನಿಂತ.